ಹೋದ ಹಣದ ಬೆನ್ನು ಹತ್ತಿ

ಫಲ ತನ್ನ ಕೈಯಲ್ಲಿಲ್ಲದ ಸಂಗತಿಯ ಮೇಲೆ ಹಣವನ್ನೋ ಒಡವೆಯನ್ನೋ ಪಣಕ್ಕೆ ಇಡುವುದೇ ಜೂಜು. ರಾಯಚೂರು ಜಿಲ್ಲೆಯಲ್ಲಿ ಅದು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಕಾಣಿಸಿಕೊಂಡಿದೆ: ಓಸಿ ಎಂದು ಕರೆಯುವ ಮಟ್ಕಾ, ಇಸ್ಪೀಟಿನ ಅಂದರ್ ಬಾಹರ್, ಐಪಿಎಲ್ ಕಾಲದ ಕ್ರಿಕೆಟ್ ಬೆಟ್ಟಿಂಗ್, ಮೊಬೈಲ್‌ನಲ್ಲಿ ಆಡುವ ಹಣದ ಆಟಗಳು. ಆಟ ಯಾವುದಾದರೂ ಅದರ ಚಟ ಹತ್ತಿದವನು ಇಳಿಯುವ ಮೆಟ್ಟಿಲು ಹೆಚ್ಚುಕಡಿಮೆ ಒಂದೇ. ಮೊದಲು ಸಣ್ಣ ಗೆಲುವು, ಆಮೇಲೆ ಸೋಲು, ಸೋತದ್ದನ್ನು ಮರಳಿ ಪಡೆಯುವ ಹಟ, ಆ ಹಟಕ್ಕೆ ಸಾಲ, ಸಾಲ ಮುಚ್ಚಿಡಲು ಸುಳ್ಳು, ಮನಸ್ಸಿನ ಉರಿ ತಣಿಸಲು ಕುಡಿತ, ಕೊನೆಗೆ ಕಳವು ಅಥವಾ ವಂಚನೆ. ಜೈನ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿ ಜೂಜಿಗೇ ಮೊದಲ ಸ್ಥಾನ. ಮದ್ಯ, ವೇಶ್ಯಾಸಂಗ, ಕಳವು ಅದರ ಹಿಂದೆ ಬರುತ್ತವೆ.

ಹಳೆಯ ಕಾಯಿಲೆ

ಜೂಜಿನ ಹಾನಿಯನ್ನು ನಮ್ಮ ಹಿಂದಿನವರು ಬಹಳ ಮೊದಲೇ ಬರೆದಿಟ್ಟಿದ್ದಾರೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳನ್ನು ಹೇಳುವ ಸೂಕ್ತವೊಂದಿದೆ. ಹೆಂಡತಿ ಅವನನ್ನು ದೂರ ತಳ್ಳುತ್ತಾಳೆ, ಅತ್ತೆ ಹಗೆ ಸಾಧಿಸುತ್ತಾಳೆ, ಹೆತ್ತವರೂ ಅಣ್ಣತಮ್ಮಂದಿರೂ ಇವನಾರೋ ನಮಗೆ ಗೊತ್ತಿಲ್ಲ ಎಂದುಬಿಡುತ್ತಾರೆ. ಸಾಲಗಾರನಾದ ಅವನು ಹಣ ಹುಡುಕುತ್ತ ರಾತ್ರಿ ಹೊತ್ತು ಪರರ ಮನೆಗಳತ್ತ ಹೋಗುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರ ಜೂಜನ್ನು ಗೊತ್ತಾದ ಜಾಗದಲ್ಲಿ, ಅಧಿಕಾರಿಯ ಕಣ್ಣೆದುರೇ ಆಡಿಸಬೇಕು ಎನ್ನುತ್ತದೆ. ಗೆದ್ದ ಹಣದಲ್ಲಿ ಶೇ 5 ರಾಜ್ಯದ ಪಾಲು ಎಂದು ಗೊತ್ತುಪಡಿಸುತ್ತದೆ.

ನಗರದ ಜೂಜುಕೋರನ ಚಿತ್ರ ಇನ್ನೂ ನಿಚ್ಚಳವಾಗಿರುವುದು ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ. ಉಜ್ಜಯಿನಿಯಲ್ಲಿ ಮೈಯೊತ್ತುವ ಕಸುಬಿನ ಸಂವಾಹಕ ಹತ್ತು ಸುವರ್ಣ ಸೋತು, ಕೊಡಲಾಗದೆ ಓಡಿಹೋಗಿ, ಪಾಳುಬಿದ್ದ ಗುಡಿಯೊಂದರಲ್ಲಿ ವಿಗ್ರಹದಂತೆ ಅಲುಗಾಡದೆ ನಿಂತುಬಿಡುತ್ತಾನೆ. ಬೆನ್ನಟ್ಟಿ ಬಂದ ಜೂಜುಕಟ್ಟೆಯ ಯಜಮಾನನೂ ಅವನ ಜತೆಗಾರನೂ ಅಲ್ಲೇ ಕೂತು ದಾಳ ಹಾಕತೊಡಗುತ್ತಾರೆ. ಸಿಕ್ಕಿಬಿದ್ದರೆ ಹೊಡೆತ ಖಾತ್ರಿ ಎಂದು ಗೊತ್ತಿದ್ದರೂ ದಾಳದ ಸದ್ದು ಕೇಳಿ ಅವನಿಂದ ತಡೆದುಕೊಳ್ಳಲಾಗುವುದಿಲ್ಲ, ಮುಂದೆ ಬಂದು ಸಿಕ್ಕಿಬೀಳುತ್ತಾನೆ. ವಸಂತಸೇನೆ ತನ್ನ ಕಡಗ ಕಳಿಸಿ ಅವನ ಸಾಲ ತೀರಿಸುತ್ತಾಳೆ. ಸಂವಾಹಕ ಅಷ್ಟಕ್ಕೇ ಸುಮ್ಮನಾಗದೆ ಜೂಜಿನ ಸಹವಾಸವನ್ನೇ ತೊರೆದು ಬೌದ್ಧ ಭಿಕ್ಷುವಾಗುತ್ತಾನೆ.

ಮಹಾಭಾರತದಲ್ಲಿ ಇದರ ವಿರುದ್ಧದ ನಿದರ್ಶನವಿದೆ. ಮೊದಲ ದ್ಯೂತದಲ್ಲಿ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಲ್ಲವನ್ನೂ ಸೋತ ಧರ್ಮರಾಯನಿಗೆ ಧೃತರಾಷ್ಟ್ರ ಸೋತದ್ದನ್ನೆಲ್ಲ ಹಿಂದಿರುಗಿಸಿದ. ಆದರೂ ಮತ್ತೆ ಕರೆ ಬಂದಾಗ ಧರ್ಮರಾಯ ಮತ್ತೆ ಹೋಗಿ ಕೂತ, ಕಾಡು ಪಾಲಾದ. ಸಾಲ ತೀರಿದ ಮಾತ್ರಕ್ಕೆ ಜೂಜು ಬಿಡುವುದಿಲ್ಲ ಎಂಬುದು ಇಂದಿನ ವೈದ್ಯರೂ ಹೇಳುವ ಮಾತು.

ಹತ್ತಿಯ ದರದಿಂದ ಹುಟ್ಟಿದ ಓಸಿ

ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಗೊತ್ತಿರುವ ಮಟ್ಕಾದ ಮೂಲ ಮುಂಬಯಿಯ ಹತ್ತಿ ವ್ಯಾಪಾರ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ಆರಂಭದ ದರ ಮತ್ತು ಮುಕ್ತಾಯದ ದರ ಟೆಲಿಪ್ರಿಂಟರ್ ಮೂಲಕ ಮುಂಬಯಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಾಗ ಅಂಕಿಯನ್ನು ಇಲ್ಲೇ ಎತ್ತುವ ಪದ್ಧತಿ ಶುರುವಾಯಿತು. ಕಲ್ಯಾಣಜಿ ಭಗತ್ 1962ರಲ್ಲಿ ಆರಂಭಿಸಿದ ಆಟ ಕಲ್ಯಾಣ್ ಮಟ್ಕಾ ಎಂದೂ, ರತನ್ ಖತ್ರಿ 1964ರಲ್ಲಿ ಆರಂಭಿಸಿದ್ದು ನ್ಯೂ ವರ್ಲಿ ಮಟ್ಕಾ ಎಂದೂ ಹೆಸರಾದವು. ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತುತ್ತಿದ್ದ ಕಾರಣಕ್ಕೆ ಮಟ್ಕಾ ಎಂಬ ಹೆಸರು ನಿಂತಿತು. ಮಡಕೆ ಹೋಗಿ ಇಸ್ಪೀಟಿನ ಎಲೆ ಬಂದ ಮೇಲೂ ಹೆಸರು ಬದಲಾಗಲಿಲ್ಲ.

ಆಟದ ಕ್ರಮ ಸರಳ. ಮೂರು ಎಲೆ ಎತ್ತಿ ಅಂಕಿ ಕೂಡಿಸುತ್ತಾರೆ. 3, 7, 8 ಬಂದರೆ ಮೊತ್ತ 18. ಅದರ ಕೊನೆಯ ಅಂಕಿ 8 ಆ ದಿನದ ಓಪನ್. ಕೆಲವು ಗಂಟೆ ಬಿಟ್ಟು ಮತ್ತೆ ಮೂರು ಎಲೆ ಎತ್ತಿದಾಗ ಬರುವ ಅಂಕಿ ಕ್ಲೋಸ್. ಎರಡೂ ಸೇರಿದರೆ ಜೋಡಿ. ಊರಿನಲ್ಲಿ ಚೀಟಿ ಬರೆಯುವವನು ಹಣ ಪಡೆದು, ತನ್ನ ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ಬುಕ್ಕಿಗೆ ತಲುಪಿಸುತ್ತಾನೆ. ಹಿಂದೆ ಬೀಡಿ ಅಂಗಡಿ, ಚಹಾ ಹೋಟೆಲ್, ಬಸ್ ನಿಲ್ದಾಣದ ಮೂಲೆಯಲ್ಲಿ ನಡೆಯುತ್ತಿದ್ದ ಈ ವ್ಯವಹಾರ ಈಗ ಬಹುಮಟ್ಟಿಗೆ ಫೋನಿಗೆ ವರ್ಗವಾಗಿದೆ.

ರಾಯಚೂರು ರಾಜ್ಯದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು. ಮಾನ್ವಿ, ಕುರ್ಡಿ, ದೇವದುರ್ಗದ ಕಡೆಯ ರೈತನ ಕೈಗೆ ಹಣ ಬರುವುದು ಹತ್ತಿ, ಭತ್ತ, ಮೆಣಸಿನಕಾಯಿ ಮಾರಿದ ಕೆಲವೇ ವಾರಗಳಲ್ಲಿ. ಉಳಿದ ತಿಂಗಳು ಅಡತಿ ಅಂಗಡಿಯ ಮುಂಗಡದಲ್ಲೋ ಕೈಗಡದಲ್ಲೋ ಸಾಗುತ್ತವೆ. ಒಮ್ಮೆಲೆ ಬರುವ ದೊಡ್ಡ ಮೊತ್ತ, ಆಮೇಲೆ ಬಹುಕಾಲದ ಕೊರತೆ: ಇಂಥ ಬದುಕಿನಲ್ಲಿ ಹತ್ತು ರೂಪಾಯಿಗೆ ಒಂಬೈನೂರು ಬರುತ್ತದೆ ಎನ್ನುವ ಆಸೆ ಬಹಳ ಬೇಗ ಬೇರು ಬಿಡುತ್ತದೆ.

ಲೆಕ್ಕ ಯಾರ ಕಡೆ

ಓಸಿಯಲ್ಲಿ ಸಾಮಾನ್ಯವಾಗಿ ಒಂದಂಕಿಗೆ ಒಂಬತ್ತು ಪಟ್ಟು, ಜೋಡಿಗೆ ತೊಂಬತ್ತು ಪಟ್ಟು ಕೊಡುತ್ತಾರೆ. ಒಂದಂಕಿ ಹೊಡೆಯುವ ಸಂಭವ ಹತ್ತರಲ್ಲೊಂದು, ಜೋಡಿಯದು ನೂರರಲ್ಲೊಂದು. ನೂರು ಜನ ನೂರು ಬೇರೆ ಬೇರೆ ಜೋಡಿಗೆ ತಲಾ 10 ರೂಪಾಯಿ ಕಟ್ಟಿದರೆ ಕೂಡುವುದು 1,000. ಗೆದ್ದ ಒಬ್ಬನಿಗೆ ಹೋಗುವುದು 900. ಯಾವ ಮೋಸವೂ ಇಲ್ಲದೆ ಆಡಿಸಿದರೂ ನೂರು ರೂಪಾಯಿ ಆಡಿಸುವವನ ಪಾಲು. ಗೆದ್ದವನು ಆ 900ನ್ನು ಮರುದಿನ ಮತ್ತೆ ಕಟ್ಟುತ್ತಾನೆ, ಅದರಲ್ಲೂ ಹತ್ತನೆಯ ಒಂದು ಭಾಗ ಸವೆಯುತ್ತದೆ. ಹೀಗೆ ದಿನದಿನವೂ ಕಟ್ಟುತ್ತ ಹೋದರೆ ಹಣವೆಲ್ಲ ನಿಧಾನಕ್ಕೆ ಆಡಿಸುವವನ ಕಡೆಗೇ ಹರಿಯುತ್ತದೆ. ಹಳೆಯ ಫಲಿತಾಂಶಗಳ ಚಾರ್ಟ್ ನೋಡಿ ಮುಂದಿನ ಅಂಕಿ ಊಹಿಸುವವರು, ಕನಸಿನಿಂದ ಅಂಕಿ ತೆಗೆಯುವವರು ಎಷ್ಟೋ ಜನ. ನಿನ್ನೆ ಬಂದ ಅಂಕಿ ಇಂದಿನ ಅಂಕಿಯನ್ನು ಯಾವ ರೀತಿಯಲ್ಲೂ ನಿರ್ಧರಿಸುವುದಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಇನ್ನು ಕೆಂಪು ಬರಲೇಬೇಕು ಎಂದು ಹಣ ಸುರಿದವರು ಭಾರಿ ಮೊತ್ತ ಕಳೆದುಕೊಂಡರು.

ಸೋತವರು ಹಿಡಿಯುವ ಇನ್ನೊಂದು ದಾರಿ ಪಣವನ್ನು ದುಪ್ಪಟ್ಟು ಮಾಡುವುದು. ಅಂದರ್ ಬಾಹರ್‌ನಲ್ಲಿ ಗೆಲುವು ಸೋಲಿನ ಸಂಭವ ಹೆಚ್ಚುಕಡಿಮೆ ಸಮ. 500 ರೂಪಾಯಿಯಿಂದ ಶುರುಮಾಡಿ ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ ಆರು ಸಲ ಸತತವಾಗಿ ಸೋಲುವಷ್ಟರಲ್ಲಿ 31,500 ರೂಪಾಯಿ ಹೋಗಿರುತ್ತದೆ. ಏಳನೆಯ ಆಟಕ್ಕೆ 32,000 ಬೇಕು. ಅದನ್ನು ಗೆದ್ದರೂ ಒಟ್ಟು ಲಾಭ ಮೊದಲು ಕಟ್ಟಿದ 500 ಮಾತ್ರ. ಸತತ ಆರು ಸೋಲು ಅಪರೂಪ ಎಂದು ಆಡುವವನು ನಂಬಿರುತ್ತಾನೆ. ನೂರು ಆಟ ನಡೆಯುವ ಒಂದು ರಾತ್ರಿಯಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದೆ.

ಮನಸ್ಸು ಈ ಲೆಕ್ಕ ಕೇಳದಿರಲು ಕಾರಣವಿದೆ. ಪ್ರತಿ ಸಲವೂ ಸಿಗುವ ಫಲಕ್ಕಿಂತ ಯಾವಾಗ ಸಿಗುತ್ತದೆಂದು ತಿಳಿಯದ ಫಲಕ್ಕೆ ಪ್ರಾಣಿಗಳು ಹೆಚ್ಚು ಕಾಲ ಅಂಟಿಕೊಳ್ಳುತ್ತವೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಿಂದ ತೋರಿಸಿದ್ದರು. 7 ಕಟ್ಟಿದವನಿಗೆ 8 ಬಂದರೆ ಅದೂ ಸೋಲೇ. ಆದರೆ ‘ಒಂದರಲ್ಲಿ ತಪ್ಪಿತು’ ಎಂಬ ಭಾವ ಹುಮ್ಮಸ್ಸು ಕೊಟ್ಟು ಮತ್ತೆ ಕಟ್ಟಿಸುತ್ತದೆ.

ಜೂಜುಕೋರರ ಚಿಕಿತ್ಸೆಯಲ್ಲಿ ಮೊದಲಿಗರಾದ ಅಮೆರಿಕದ ವೈದ್ಯ ರಾಬರ್ಟ್ ಕಸ್ಟರ್ ಈ ಇಳಿತವನ್ನು ಮೂರು ಹಂತವಾಗಿ ವಿಂಗಡಿಸಿದರು. ಗೆಲುವಿನ ಹಂತದಲ್ಲಿ ಆಡುವವನಿಗೆ ತನ್ನಲ್ಲಿ ಏನೋ ವಿಶೇಷ ಕೈಗುಣ ಇದೆ ಎನಿಸುತ್ತದೆ. ಸೋಲಿನ ಹಂತದಲ್ಲಿ ಹೋದ ಹಣದ ಬೆನ್ನು ಹತ್ತುತ್ತಾನೆ, ಸುಳ್ಳು ಹೇಳುತ್ತಾನೆ, ಸಾಲ ಮಾಡುತ್ತಾನೆ. ಹತಾಶೆಯ ಹಂತದಲ್ಲಿ ಎಂದೂ ಮಾಡೆನು ಎಂದುಕೊಂಡಿದ್ದನ್ನು ಮಾಡುತ್ತಾನೆ. ನಡುವಿನ ಹಂತವೇ ನಿರ್ಣಾಯಕ. ಕಳೆದದ್ದು ಕಳೆಯಿತು ಎಂದು ಎದ್ದುಬಂದವನಿಗೆ ನಷ್ಟ ಅಲ್ಲಿಗೆ ನಿಲ್ಲುತ್ತದೆ. ಅದನ್ನು ತಂದೇ ತರುತ್ತೇನೆ ಎಂದು ಕೂತವನು ಮುಳುಗುತ್ತಾನೆ.

ನಗರದ ರಾತ್ರಿ

ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವುದು ಹಳೆಯ ಸಂಗತಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ದೇವದುರ್ಗವನ್ನು ಅತಿ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಸೇರಿಸಿತ್ತು. ಮಳೆ ಕೈಕೊಟ್ಟಾಗ ಕಟ್ಟಡ ಕೆಲಸಕ್ಕೆ ಹೋಗುವ ಈ ಕುಟುಂಬಗಳ ತರುಣರು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ವಾರದ ಬಟವಾಡೆಯ ಸಂಜೆ ಕೈಯಲ್ಲಿ ಹಣ ಇರುತ್ತದೆ, ಊರಿನಲ್ಲಿದ್ದಂತೆ ಎಲ್ಲಿ ಹೋಗಿದ್ದಿ ಎಂದು ಕೇಳುವ ಹಿರಿಯರು ಇರುವುದಿಲ್ಲ. ಶೆಡ್ಡಿನ ಇಸ್ಪೀಟು, ಪಕ್ಕದ ಬಾರು, ಬೆಳಗಿನ ಜಾವದವರೆಗೆ ಕೈಯಲ್ಲೇ ಇರುವ ಮೊಬೈಲ್: ದುಡಿದದ್ದು ಕರಗಲು ಇಷ್ಟು ಸಾಕು.

ಹಣ ಹೆಚ್ಚಿದ್ದವರಿಗೆ ನಗರದಲ್ಲಿ ಬೇರೆ ಬಾಗಿಲುಗಳಿವೆ. ಕುದುರೆ ಜೂಜು ಕಾನೂನುಬದ್ಧ. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೌಶಲದ ಆಟವೆಂದು ಪರಿಗಣಿಸಿತು. ರಮ್ಮಿಯ ಬಗ್ಗೆ 1967ರಲ್ಲೇ ಅಂಥ ತೀರ್ಪು ಬಂದಿತ್ತು. ಆ ತೀರ್ಪಿನ ಆಸರೆಯಲ್ಲಿ ನಡೆಯುವ ಕ್ಲಬ್ಬುಗಳ ಒಳಗೆ ಬೇರೆ ಆಟಗಳೂ ಸೇರಿಕೊಂಡ ಪ್ರಕರಣಗಳು ಪೊಲೀಸ್ ದಾಳಿಗಳಲ್ಲಿ ಬಯಲಾಗುತ್ತಲೇ ಇವೆ. ರಾಜ್ಯದ ಗಡಿ ದಾಟಿದರೆ ಗೋವಾ. 1976ರ ಅಲ್ಲಿನ ಜೂಜು ಕಾಯ್ದೆಗೆ 1992 ಮತ್ತು 1996ರಲ್ಲಿ ಆದ ತಿದ್ದುಪಡಿಗಳಿಂದ ಮೊದಲು ಪಂಚತಾರಾ ಹೋಟೆಲ್‌ಗಳಲ್ಲಿ, ಆಮೇಲೆ ಹಡಗುಗಳಲ್ಲಿ ಕ್ಯಾಸಿನೊಗೆ ದಾರಿಯಾಯಿತು. ಪಣಜಿಯ ಮಾಂಡೋವಿ ನದಿಯ ಮೇಲೆ ನಿಂತ ಈ ಹಡಗುಗಳಿಗೆ ಕರ್ನಾಟಕದಿಂದ ಹೋಗುವವರು ಅನೇಕ. 2020ರಿಂದ ಗೋವಾ ಸರ್ಕಾರ ತನ್ನ ರಾಜ್ಯದ ನಿವಾಸಿಗಳು ಅಲ್ಲಿ ಜೂಜಾಡುವುದನ್ನು ನಿಷೇಧಿಸಿದೆ. ಹೊರಗಿನವರಿಗೆ ಆ ತಡೆ ಇಲ್ಲ.

ಕ್ಯಾಸಿನೊದ ಒಳಗೆ ಹಣದ ಬದಲು ಬಣ್ಣದ ಚಿಪ್ಪುಗಳು ಓಡಾಡುತ್ತವೆ. ಐನೂರರ ನೋಟು ಎಣಿಸಿ ಇಡುವಾಗ ಆಗುವ ಅಳುಕು ಚಿಪ್ಪು ಸರಿಸುವಾಗ ಆಗುವುದಿಲ್ಲ. ಪ್ರವೇಶ ಶುಲ್ಕದಲ್ಲೇ ಊಟ, ಮದ್ಯ ಸೇರಿರುತ್ತದೆ, ಹೀಗಾಗಿ ಎದ್ದು ಹೊರಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮದ್ಯ ಏರಿದಷ್ಟು ಹಿಡಿತ ಸಡಿಲಗೊಂಡು ಪಣ ದೊಡ್ಡದಾಗುತ್ತದೆ. ಗೆದ್ದ ರಾತ್ರಿ ಗೆಲುವಿನ ಖುಷಿಗೆ, ಸೋತ ರಾತ್ರಿ ಸೋಲಿನ ಸಂಕಟಕ್ಕೆ ಕುಡಿತ. ಹೀಗೆ ಎರಡು ಚಟಗಳು ಒಂದನ್ನೊಂದು ಸಾಕುತ್ತವೆ.

ಗೆದ್ದ ಹಣ ಮನೆ ಮುಟ್ಟುವುದು ಅಪರೂಪ. ದುಡಿಯದೆ ಬಂದದ್ದನ್ನು ಕಳೆಯಲು ಕೈ ಹಿಂಜರಿಯುವುದಿಲ್ಲ. ಬೆಂಗಳೂರಿನ ಲೈವ್ ಬ್ಯಾಂಡ್ ಬಾರುಗಳಲ್ಲಿ ನೋಟು ಎರಚುವ ಚಾಳಿ ಬೆಳೆದದ್ದು ಇಂಥ ಹಣದಿಂದಲೂ ಹೌದು. ಈ ಬಾರುಗಳಿಗೆ ಲೈಸೆನ್ಸ್ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಹಾಡಲು, ಕುಣಿಯಲು ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಕರೆತಂದದ್ದು ಮನೆಯ ಬಡತನ ಮತ್ತು ಸಾಲ ಎಂಬುದನ್ನು ಮರೆಯಬಾರದು. ಅವರನ್ನು ದೂರಿ ಜೂಜುಕೋರನ ಕುಸಿತವನ್ನು ವಿವರಿಸಲಾಗದು.

ಸಾಲದ ಸುಳಿ

ಮೊದಲು ಗೆಳೆಯರ ಕೈಗಡ, ಆಮೇಲೆ ಬಂಗಾರದ ಅಡವು, ಆಮೇಲೆ ಸಂಘದ ಸಾಲ, ಕಡೆಗೆ ಮೀಟರ್ ಬಡ್ಡಿ. ಹಳ್ಳಿಯ ಕಡೆ ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ ಬಡ್ಡಿ ಎಂಬುದೇ ಭಾರ. ಮೀಟರ್ ಬಡ್ಡಿಯಲ್ಲಿ ದಿನದ, ವಾರದ ಲೆಕ್ಕ. ವಾರಕ್ಕೆ ಶೇ 10ರಂತೆ 10,000 ರೂಪಾಯಿ ಸಾಲ ಮಾಡಿ ಬಡ್ಡಿ ಕಟ್ಟದೆ ಬಿಟ್ಟರೆ, ಚಕ್ರಬಡ್ಡಿ ಸೇರಿ ಎಂಟು ವಾರಕ್ಕೆ ಅದು 21,000 ದಾಟುತ್ತದೆ. ವರ್ಷ ತುಂಬುವಷ್ಟರಲ್ಲಿ 14 ಲಕ್ಷ. ಹೊಲ ಮಾರಿದರೂ ತೀರದ ಸಾಲ ಹುಟ್ಟುವುದು ಹೀಗೆ. ಸಾಲ ಕೊಡುವ ಮೊಬೈಲ್ ಆ್ಯಪ್‌ಗಳಲ್ಲಿ ಕೆಲವು ಫೋನಿನಲ್ಲಿರುವ ನಂಬರುಗಳನ್ನು ಕದ್ದು, ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮರ್ಯಾದೆ ತೆಗೆಯುವುದಾಗಿ ಬೆದರಿಸುತ್ತವೆ.

ಇಲ್ಲಿ ಕಾನೂನಿನ ಒಂದು ಅಂಶ ಎಲ್ಲರಿಗೂ ಗೊತ್ತಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅಸಿಂಧು. ಜೂಜಿನಲ್ಲಿ ಗೆದ್ದ ಹಣಕ್ಕಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಅದಕ್ಕಾಗಿಯೇ ಆಡಿಸುವವರು ಸೋತವನಿಂದ ಕೈಸಾಲ ಎಂದು ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳುತ್ತಾರೆ, ಸಹಿ ಮಾಡಿದ ಖಾಲಿ ಚೆಕ್ಕು ಇಟ್ಟುಕೊಳ್ಳುತ್ತಾರೆ. ಚೆಕ್ ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕಾನೂನು ಒಪ್ಪದ ಸಾಲ ಒಂದು ಸಹಿಯಿಂದ ಕಾನೂನಿನ ಸಾಲದ ವೇಷ ತೊಡುತ್ತದೆ.

ವಿಪರೀತ ಬಡ್ಡಿಯನ್ನು ತಡೆಯುವ ಕಾಯ್ದೆ ರಾಜ್ಯದಲ್ಲಿ 2004ರಿಂದಲೇ ಇದೆ. ಮೈಕ್ರೊಫೈನಾನ್ಸ್ ಕಿರುಕುಳದ ದೂರುಗಳು ಹೆಚ್ಚಿದ ಮೇಲೆ 2025ರಲ್ಲಿ ಬಂದ ಕಾನೂನು ಸಾಲ ವಸೂಲಿಗೆ ಬಲಪ್ರಯೋಗ, ಬೆದರಿಕೆ, ಕಿರುಕುಳ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಸಾಲದ ಭಾರ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಸ್ವಸಹಾಯ ಸಂಘದಲ್ಲಿ ಹೆಂಡತಿಯ ಹೆಸರಲ್ಲಿ ತೆಗೆದ ಸಾಲ ಗಂಡನ ಆಟಕ್ಕೆ ಹೋದರೆ ವಾರದ ಕಂತಿಗೆ ಕೂಲಿ ಮಾಡುವವಳು ಅವಳೇ. ಕೊರಳ ಬಂಗಾರ ಅಡವಿಗೆ ಹೋಗುತ್ತದೆ, ಮಕ್ಕಳು ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ.

ಸರ್ಕಾರದ ಕ್ರಮಗಳು

ಜೂಜು ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯೇ ಮುಖ್ಯ ಅಸ್ತ್ರ. ಓಸಿ ಪ್ರಕರಣಗಳು ಅದರ 78ನೇ ಕಲಂನಡಿ, ಬೀದಿಯ ಇಸ್ಪೀಟು 87ನೇ ಕಲಂನಡಿ ದಾಖಲಾಗುತ್ತವೆ. ಬಡವರ ದಿನಗೂಲಿ ನುಂಗುತ್ತಿದ್ದ ಲಾಟರಿಯನ್ನು ರಾಜ್ಯ 2007ರಲ್ಲಿ ಪೂರ್ತಿ ನಿಷೇಧಿಸಿತು. ಆದರೆ ಮೊಬೈಲ್ ಆಟಗಳ ಮೇಲೆ ಹಿಡಿತ ಸುಲಭವಾಗಿ ಸಿಗಲಿಲ್ಲ. ಅವನ್ನು ನಿಷೇಧಿಸಲು ಪೊಲೀಸ್ ಕಾಯ್ದೆಗೆ ತಂದು 2021ರ ಅಕ್ಟೋಬರ್‌ನಲ್ಲಿ ಜಾರಿಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಲಾಗದು ಎಂಬುದು ಅದರ ನಿಲುವು.

ಮುಂದಿನ ದೊಡ್ಡ ಹೆಜ್ಜೆ ಸಂಸತ್ತಿನದು. 2025ರ ಆಗಸ್ಟ್‌ನಲ್ಲಿ ಅಂಗೀಕಾರವಾಗಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ. ಆಡಿ ಸೋತವನಿಗೆ ಶಿಕ್ಷೆ ಇಲ್ಲ. ಇಂಥ ಆಟಗಳಲ್ಲಿ ದೇಶದ ಸುಮಾರು 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರ್ಕಾರದ ಅಂದಾಜಾಗಿತ್ತು. ಕಾಯ್ದೆಯನ್ನು ಕಂಪನಿಗಳು ಕೋರ್ಟಿನಲ್ಲಿ ಪ್ರಶ್ನಿಸಿದವು.

ಮರಳಿ ಬರುವ ದಾರಿ

ಜೂಜಿನ ಚಟ ಈಗ ವೈದ್ಯಶಾಸ್ತ್ರ ಒಪ್ಪಿದ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ವರ್ಗಕ್ಕೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಮನೆಯವರು ಗುರುತಿಸಬಹುದಾದ ಲಕ್ಷಣಗಳಿವೆ: ಪಣದ ಮೊತ್ತ ಏರುತ್ತ ಹೋಗುವುದು, ಆಡದಿದ್ದರೆ ಸಿಡುಕು, ಬಿಡಲು ಯತ್ನಿಸಿ ಸೋಲುವುದು, ಸೋತ ಮರುದಿನವೇ ಮತ್ತೆ ಹೋಗುವುದು, ಹಣದ ಬಗ್ಗೆ ಸುಳ್ಳು, ಕೆಲಸ ಮತ್ತು ಸಂಬಂಧಗಳಿಗೆ ಪೆಟ್ಟು.

ಮನೆಯವರು ಪ್ರೀತಿಯಿಂದಲೇ ಮಾಡುವ ದೊಡ್ಡ ತಪ್ಪೆಂದರೆ ಸಾಲ ತೀರಿಸಿ, ಇನ್ನು ಆಡಬೇಡ ಎಂದು ಆಣೆ ಹಾಕಿಸಿ ಬಿಟ್ಟುಬಿಡುವುದು. ಸಾಲ ತೀರಿದೊಡನೆ ಮತ್ತೆ ಸಾಲ ಹುಟ್ಟುವ ಬಾಗಿಲು ತೆರೆಯುತ್ತದೆ. ವೈದ್ಯರು ಹೇಳುವ ಕ್ರಮ ಬೇರೆ. ಎಲ್ಲ ಸಾಲದ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಬರೆಸಬೇಕು. ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಹೊಲದ ಕಾಗದಪತ್ರ ಕೆಲಕಾಲ ಮನೆಯ ಇನ್ನೊಬ್ಬರ ಕೈಯಲ್ಲಿರಬೇಕು. ಆಡಿಸುವವರ ಸಹವಾಸ, ಫೋನಿನ ಆ್ಯಪ್ ಕಡಿಯಬೇಕು. ಸಾಲವನ್ನು ಅವನ ದುಡಿಮೆಯಿಂದಲೇ ಕಂತಿನಲ್ಲಿ ತೀರಿಸಬೇಕು. ಇವೆಲ್ಲದರ ಜೊತೆಗೆ ಆಪ್ತಸಮಾಲೋಚನೆ ನಡೆಯಬೇಕು. ಆಡಬೇಕೆನ್ನುವ ತುಡಿತ ಬಂದಾಗ ಅದನ್ನು ಗುರುತಿಸಿ ದಾಟುವುದನ್ನು, ‘ಇನ್ನೊಂದು ಸಲ ಆಡಿದರೆ ಬರುತ್ತದೆ’ ಎಂಬ ತಪ್ಪು ನಂಬಿಕೆಯನ್ನು ಪರೀಕ್ಷಿಸುವುದನ್ನು ಅಲ್ಲಿ ಕಲಿಸುತ್ತಾರೆ. ಕುಡಿತ, ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಮೊಬೈಲ್ ಮತ್ತು ಆನ್‌ಲೈನ್ ಚಟಕ್ಕೆಂದು 2014ರಲ್ಲಿ ಆರಂಭಿಸಿದ ಶಟ್ ಕ್ಲಿನಿಕ್ ಕೂಡ ಅಲ್ಲಿದೆ. ಅಷ್ಟು ದೂರ ಹೋಗಲಾಗದವರು ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಲದ ಕಿರುಕುಳದಿಂದ ಜೀವವೇ ಬೇಡ ಎನ್ನಿಸಿದ ಗಳಿಗೆಯಲ್ಲಿ, ಅಥವಾ ಮನೆಯಲ್ಲಿ ಯಾರಾದರೂ ಅಂಥ ಮಾತು ಆಡಿದಾಗ, ತಡಮಾಡದೆ ಕರೆ ಮಾಡಬೇಕಾದ ಸಂಖ್ಯೆ ಇದೇ. ಬೆದರಿಕೆ ಹಾಕುವವರ ವಿರುದ್ಧ 112ಕ್ಕೆ, ಆನ್‌ಲೈನ್ ಹಣಕಾಸು ವಂಚನೆಯಾಗಿದ್ದರೆ 1930ಕ್ಕೆ ದೂರು ಕೊಡಬಹುದು.

ಚಟಕ್ಕೆ ಬಿದ್ದವರನ್ನು ಊರು ಸಾಮಾನ್ಯವಾಗಿ ಕೆಟ್ಟವರೆಂದು ದೂರವಿಡುತ್ತದೆ. ಆ ನಾಚಿಕೆಗೇ ಅವರು ಸಾಲ ಮುಚ್ಚಿಡುತ್ತಾರೆ, ಮುಚ್ಚಿಟ್ಟ ಸಾಲ ತೀರಿಸಲು ಮತ್ತೆ ಆಡುತ್ತಾರೆ. ಸೋತಿದ್ದೇನೆ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಆಡಿದವನಿಗೆ ಬೇಕು. ಅದನ್ನು ಕೇಳಿಸಿಕೊಂಡು, ಹೋದದ್ದು ಹೋಗಲಿ ಎಂದು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ತಾಳ್ಮೆ ಮನೆಯವರಿಗೆ ಬೇಕು. ಮೊದಲ ಹತ್ತು ಸಾವಿರದ ಸಾಲದ ಹೊತ್ತಿಗೇ ಇದು ನಡೆದರೆ ಹೊಲವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.